ಮೀನಿನ ನೀರು

ಹದಿನೈದು ದಿನಗಳ ಹಿಂದೆ ಧಾರವಾಡದ ನಮ್ಮ ಕಾಲೊನಿಯ ಸಭಾಭವನದಲ್ಲಿ ನಮ್ಮ ಎದುರು ಮನೆಯ ಹಿರಿಯರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಆರು ಜನ ಮಾತಾಡಿದರು. ಆರನೆಯವನು ನಾನು. ಸರಳ ಜೀವಿ, ಸಜ್ಜನ, ಅಜಾತಶತ್ರು ಎಂಬ ಮೂರೂ ಪದಗಳನ್ನು ಮೊದಲಿನ ಐವರು ಬಳಸಿ ಮುಗಿಸಿದ್ದರಿಂದ ನನಗೆ ತುಸು ಕಷ್ಟವಾಯಿತು. ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದವನು ನಾನು, ಮೈಕು ಕೈಗೆ ಬಂದರೆ ಮಾತಿಗೆ ಬರವಿಲ್ಲ. ನಮ್ಮ ನಡುವಿನ ಅಪ್ಪಟ ಮನುಷ್ಯ ಎಂದು ಹೇಳಿ ಕೂತೆ. ಚಪ್ಪಾಳೆ ತಟ್ಟಬಾರದ ಸಭೆ ಅದು, ಆದರೂ ಇಬ್ಬರು ತಟ್ಟಿದರು. ಯಾರೊಬ್ಬರೂ ಅವರ ಮೀನಿನ ಸುದ್ದಿ ಎತ್ತಲಿಲ್ಲ. ನೀರಿನ ಸುದ್ದಿಯಂತೂ ಯಾರ ಬಾಯಿಗೂ ಬರಲಿಲ್ಲ. ಅಲ್ಲಿ ನುಂಗಿಕೊಂಡದ್ದು ಇನ್ನೂ ಗಂಟಲಲ್ಲೇ ಕೂತಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವರನ್ನು ನಾವೆಲ್ಲ ಸರ್ ಎಂದೇ ಕರೆಯುತ್ತಿದ್ದೆವು. ಪಾಲಿಟೆಕ್ನಿಕ್‌ನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಒಂಬತ್ತು ವರ್ಷಗಳ ಹಿಂದೆ ನಮ್ಮ ಎದುರಿನ ನಿವೇಶನದಲ್ಲಿ ಮನೆ ಕಟ್ಟಿಸಿಕೊಂಡು ಬಂದರು. ಗೃಹಪ್ರವೇಶಕ್ಕೆ ಹೋಮವಿಲ್ಲ, ಹೊಗೆಯಿಲ್ಲ. ಹಾಲ್‌ನ ಎದುರು ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಚಿತ್ರ, ಅದರ ಪಕ್ಕಕ್ಕೆ ನೀಲಿ ಕೋಟು, ದುಂಡು ಕನ್ನಡಕ, ಬಗಲಲ್ಲಿ ದಪ್ಪ ಪುಸ್ತಕ ಇರುವ ಇನ್ನೊಂದು ಚಿತ್ರ. ಮನೆ ನೋಡಲು ಹೋದವರೆಲ್ಲ ಮೊದಲು ನೋಡಿದ್ದು ಆ ಗೋಡೆಯನ್ನೇ. ಟೈಲ್ಸ್ ಚೆನ್ನಾಗಿವೆ, ಗಾಳಿ ಬೆಳಕು ಛಲೋ ಇದೆ ಎಂದೆಲ್ಲ ಹೇಳಿದ್ದು ಆಮೇಲೆ. ಸಂಜೆಯಾಗುವುದರೊಳಗೆ ಅವರ ಜಾತಿ ಯಾವುದೆಂದು ಕಾಲೊನಿಯ ಎಲ್ಲ ಮನೆಗಳಿಗೂ ಗೊತ್ತಾಗಿತ್ತು.

ಹಾಗೆಂದು ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ನಮ್ಮದು ಸುಶಿಕ್ಷಿತರ ಕಾಲೊನಿ. ಪ್ರಾಧ್ಯಾಪಕರು, ಬ್ಯಾಂಕಿನವರು, ಇಬ್ಬರು ವಕೀಲರು, ಒಬ್ಬ ತಬಲಾ ಮಾಸ್ತರರು. ಇಲ್ಲಿ ಕೆಟ್ಟ ಮಾತು ಆಡುವ ರೂಢಿಯಿಲ್ಲ, ಚಹಾ ಆಗಿರುವ ರೂಢಿಯಿದೆ. ಸರ್ ಮನೆಗೆ ಬೆಳಿಗ್ಗೆ ಹೋದವರಿಗೂ, ಮಧ್ಯಾಹ್ನ ಹೋದವರಿಗೂ, ಸಂಜೆ ಹೋದವರಿಗೂ ಆಗಷ್ಟೇ ಮನೆಯಲ್ಲಿ ಚಹಾ ಆಗಿರುತ್ತಿತ್ತು. ಗಣೇಶನ ವಂತಿಗೆ ಕೇಳಲು ಹೋದವರು ಬಾಗಿಲಲ್ಲೇ ನಿಂತು ರಸೀದಿ ಹರಿದು ಕೊಟ್ಟು, ಈಗಷ್ಟೇ ಆತ್ರಿ ಎಂದು ನಗುನಗುತ್ತ ತಿರುಗುತ್ತಿದ್ದರು.

ನನ್ನ ರೀತಿ ಇನ್ನೂ ನಾಜೂಕಿನದು. ಸಮಾನತೆಯ ಬಗ್ಗೆ ಊರೂರು ತಿರುಗಿ ಭಾಷಣ ಮಾಡಿದವನು ಚಹಾದ ಸುಳ್ಳು ಹೇಳುವುದು ಹೇಗೆ? ಹಾಗಾಗಿ ಮೊದಲ ಸಲ ಅವರು ಒಳಗೆ ಕರೆದಾಗ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟೆ. ನನಗೇನೂ ಇಲ್ಲ, ಆದರೆ ಮನೆಯಲ್ಲಿ ತಾಯಿ ಇದ್ದಾರೆ, ಬಹಳ ಮಡಿ, ಗೊತ್ತಾದರೆ ನೊಂದುಕೊಳ್ಳುತ್ತಾರೆ ಎಂದೆ. ಸರ್ ತಲೆ ಅಲ್ಲಾಡಿಸಿದರು.

"ಇರ್ಲಿ ಬಿಡ್ರಿ. ಹಿರಿಯಾರು. ಅವರಿಗಿ ತ್ರಾಸ ಆಗಬಾರದು," ಎಂದರು.

ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದಕ್ಕೆ ನನಗೆ ಹೆಮ್ಮೆಯೇ ಆಯಿತು. ಆ ಹೊತ್ತಿನಲ್ಲಿ ನನ್ನ ತಾಯಿ, ಹೆಣ್ಣುಮಕ್ಕಳ ಸಾಲಿಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದ ಅಕ್ಕೋರು, ನಮ್ಮ ಮನೆಯ ಹಾಲಿನಲ್ಲಿ ಕೂತು ಟೀವಿ ನೋಡುತ್ತಿದ್ದಳು. ಅವಳನ್ನು ನಾನು ಏನೂ ಕೇಳಿರಲಿಲ್ಲ.

ಇನ್ನು ಮೀನು. ಸರ್ ಮನೆಯ ಹಾಲಿನಲ್ಲಿ ನಾಲ್ಕು ಫೂಟಿನ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಆರು ಡಿಸ್ಕಸ್ ಮೀನುಗಳು. ಅಂಗೈ ಅಗಲ, ತಟ್ಟೆಯಂಥ ಮೈ, ನಡೆಯುವುದು ಕಚೇರಿಯ ದೊಡ್ಡ ಸಾಹೇಬರ ಹಾಗೆ, ಯಾವುದಕ್ಕೂ ಅವಸರವಿಲ್ಲ. ಇವು ಮೆದು ನೀರಿನ ಹೊಳೆಯ ಜಾತಿ. ನಮ್ಮ ಬೋರಿನ ನೀರು ಬಕೆಟ್ಟಿಗೆ ವಾರದೊಳಗೆ ಬಿಳಿ ಪಟ್ಟಿ ಕಟ್ಟುವಂಥದ್ದು. ನಳದ ನೀರು ವಾರಕ್ಕೊಮ್ಮೆ ಬರುತ್ತದೆ, ಬಂದಾಗ ಔಷಧಿಯ ವಾಸನೆ ಹೊತ್ತು ಬರುತ್ತದೆ. ಎರಡೂ ಆ ಮೀನಿಗೆ ಆಗದು. ಅದಕ್ಕೆಂದೇ ಸರ್ ಶುದ್ಧೀಕರಣದ ಯಂತ್ರ ಹಾಕಿಸಿದ್ದರು. ಅದು ಹನಿ ಹನಿಯಾಗಿ ಇಳಿಸುವ ನೀರನ್ನು ಎರಡು ನೀಲಿ ಡ್ರಮ್ಮಿನಲ್ಲಿ ಕೂಡಿಡುತ್ತಿದ್ದರು. ಯಂತ್ರ ಹೊರಗೆ ಬಿಡುವ ಉಪ್ಪು ನೀರು ನೆಲ ಒರೆಸಲು, ಪಾಯಖಾನೆಗೆ. ಒಂದು ಹನಿ ಗಟಾರಕ್ಕೆ ಹೋಗುತ್ತಿರಲಿಲ್ಲ.

ಆ ಡ್ರಮ್ಮು ಕೊಳ್ಳಲು ಹುಬ್ಬಳ್ಳಿಯ ಗೋಕುಲ ರಸ್ತೆಗೆ ಹೋದಾಗ ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಾರ್ಖಾನೆಗಳ ಹಳೆಯ ಡ್ರಮ್ಮು ಮಾರುವ ಒಂದು ಶೆಡ್ಡು ಅದು. ಮಾರುವವನು ಎಲ್ಲ ಡ್ರಮ್ಮಿನಲ್ಲೂ ಬರೀ ಶರಬತ್ತೇ ಇತ್ತು ಎಂದು ಆಣೆ ಮಾಡಿದ. ಸರ್ ಒಂದೊಂದರ ಬಾಯಿಗೂ ಮುಖ ಇಟ್ಟು ಮೂಸುತ್ತ ಹೋದರು. ಇದರಲ್ಲಿ ಫಿನಾಯಿಲ್, ಇದರಲ್ಲಿ ಬಣ್ಣ, ಇದರಲ್ಲಿ ಎಣ್ಣೆ ಎಂದು ಹೇಳುತ್ತ ಹನ್ನೊಂದನ್ನು ಬಿಟ್ಟು ಎರಡನ್ನು ಆರಿಸಿದರು. ಮಾರುವವನಿಗೆ ಸಿಟ್ಟು ಬಂತು. ಕುಡಿಯಲು ಒಯ್ಯುವವರೂ ಇಷ್ಟು ನೋಡುವುದಿಲ್ಲ, ಮೀನಿಗೇನು ಗೊತ್ತಾಗುತ್ತದೆ ಎಂದ.

"ಕುಡಿಯುವವರು ಬಾಯಿ ಮುಚ್ಚಬಹುದಪಾ. ಮೀನ ಎಲ್ಲಿ ಹೋಗಬೇಕು? ಅದು ಇರೂದ ಅದರಾಗ," ಎಂದರು ಸರ್.

ಡ್ರಮ್ಮಿನ ಕಟ್ಟಳೆಗಳು ದೊಡ್ಡವು. ಮಹಡಿ ಮೆಟ್ಟಿಲಿನ ಜಿನೆಯ ಕೆಳಗೆ, ಬಿಸಿಲು ತಾಗದ ಜಾಗ. ಸದಾ ಬಿಗಿಯಾದ ಮುಚ್ಚಳ. ತುಂಬಿದ ತಾರೀಖು ಸೀಮೆಸುಣ್ಣದಲ್ಲಿ ಬರೆದಿರಬೇಕು. ಒಳಗೆ ಸಣ್ಣ ಪಂಪು ಗುಳುಗುಳು ಗಾಳಿ ಬಿಡುತ್ತಿರಬೇಕು, ಇಲ್ಲದಿದ್ದರೆ ನಿಂತ ನೀರು ಮುಗ್ಗುತ್ತದೆ. ಎರಡು ವಾರ ಮೀರಿದರೆ ಆ ನೀರು ಗಿಡಕ್ಕೆ. ಕೈ ಅದ್ದುವಂತಿಲ್ಲ, ಅದಕ್ಕೇ ಬೇರೆ ಚಂಬು. ಸೋಪು ಹಚ್ಚಿ ತೊಳೆದ ಕೈಯಂತೂ ಹತ್ತಿರ ಬರುವಂತಿಲ್ಲ. ಮಠದಾಗೂ ಇಷ್ಟು ಮಡಿ ಇರೂದಿಲ್ಲರಿ ಎಂದು ಅವರ ಹೆಂಡತಿ ನಗುತ್ತಿದ್ದರು. ಈ ಮಾತನ್ನು ನಾನು ವಾಕಿಂಗಿನಲ್ಲಿ ನಾಲ್ಕು ಜನರಿಗೆ ಹೇಳಿ ನಗಿಸಿದೆ. ಯಾಕೆ ನಕ್ಕೆವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಡ್ರಮ್ಮಿನ ಮೇಲೆ 'ಟಾಪ್-ಅಪ್' ಎಂದು, ಇನ್ನೊಂದರ ಮೇಲೆ 'ಬದಲಿ' ಎಂದು ಬರೆದಿದ್ದರು. ವ್ಯತ್ಯಾಸವೇನೆಂದು ಕೇಳಿದ್ದೇ ನನ್ನ ತಪ್ಪು. ಮೂವತ್ತೈದು ವರ್ಷದ ಮಾಸ್ತರಿಕೆ ಎದ್ದು ನಿಂತಿತು. ವಾರಕ್ಕೊಮ್ಮೆ ತೊಟ್ಟಿಯ ಹಳೆ ನೀರು ತೆಗೆದು ಹೊಸ ನೀರು ಹಾಕಬೇಕು. ಅದಕ್ಕೆ ತುಸು ಖನಿಜದ ಪುಡಿ ಬೆರೆಸಿಟ್ಟ ನೀರು, ಅದು ಬದಲಿ. ಆದರೆ ದಿನವೂ ಆವಿಯಾಗಿ ಕಡಿಮೆಯಾಗುವ ಎರಡು ಬೆರಳು ನೀರಿಗೆ ಏನೂ ಬೆರೆಸದ ಶುದ್ಧ ನೀರೇ ಬೇಕು.

"ಆವಿ ಆಗೂದು ನೀರಷ್ಟರಿ. ಉಪ್ಪು ಎಲ್ಲೂ ಹೋಗೂದಿಲ್ಲ, ಅಲ್ಲೇ ಕುಂತಿರತೈತಿ. ಮ್ಯಾಲ ಮತ್ತ ಉಪ್ಪಿನ ನೀರು ಸುರುವಿಕೋತ ಹೋದ್ರ, ನೋಡಾಕ ತೊಟ್ಟಿ ತುಂಬೇತಿ ಅನಸತೈತಿ, ಒಳಗ ಮೀನಕ್ಕ ಉಸುರು ಕಟ್ಟಾಕತ್ತಿರತೈತಿ," ಎಂದರು.

ಕಾಲೊನಿ ಸಂಘದ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರಿಗೆ ಈ ಡ್ರಮ್ಮುಗಳು ಕಣ್ಣಲ್ಲಿ ಬಿದ್ದ ಕಸದಂತಾಗಿದ್ದವು. ವಾರ್ಷಿಕ ಸಭೆಯಲ್ಲಿ, ಮನುಷ್ಯರಿಗೆ ನೀರಿಲ್ಲದ ಊರಿನಲ್ಲಿ ಜಲಚರಗಳಿಗಾಗಿ ನೀರು ಸಂಗ್ರಹಿಸುವುದು ಸಾಮಾಜಿಕ ಹೊಣೆಗಾರಿಕೆಗೆ ವಿರುದ್ಧ ಎಂದು ಒಂದು ನಿರ್ಣಯ ಮಂಡಿಸಿದರು. ಅವರ ಮನೆಯಲ್ಲಿ ಎರಡು ಕಾರುಗಳಿದ್ದವು, ಎರಡೂ ದಿನಾ ಬೆಳಿಗ್ಗೆ ಪೈಪಿನಲ್ಲಿ ಸ್ನಾನ ಮಾಡುತ್ತಿದ್ದವು. ಸರ್ ಹಿಂದಿನ ಸಾಲಿನಲ್ಲಿ ಕೂತು ಹಂಚಿದ ನಿರ್ಣಯದ ಪ್ರತಿ ಓದಿ, ಬರವಣಿಗೆಯಲ್ಲಿ 'ಜಲಚರ' ಸರಿಯಾಗಿದೆ, ಆದರೆ 'ಹೊಣೆಗಾರಿಕೆ'ಗೆ ದೊಡ್ಡ ಣ ಬರುತ್ತದೆ ಎಂದಷ್ಟೇ ತಿದ್ದಿದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು, ಡ್ರಮ್ಮುಗಳು ಇದ್ದಲ್ಲೇ ಇದ್ದವು. ನಾನೂ ಕೈ ಎತ್ತಿದ್ದೆ, ತೀರ ಮೇಲಕ್ಕಲ್ಲ.

ಆ ಮಳೆಗಾಲದಲ್ಲಿ ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಬ್ಯಾಟರಿ ಹಿಡಿದು ಸೊಳ್ಳೆಯ ಮರಿ ಹುಡುಕುತ್ತ ಮನೆ ಮನೆಗೂ ಬಂದಳು. ಅಧ್ಯಕ್ಷರ ಸಿಂಟೆಕ್ಸ್‌ನಲ್ಲಿ ಸಿಕ್ಕವು. ವಕೀಲರ ನೀರಿನ ಹೌದಿನಲ್ಲಿ ಸಿಕ್ಕವು. ನಮ್ಮ ಮನೆಯ ತಾಮ್ರದ ಹಂಡೆಯಲ್ಲಿಯೂ ನಾಲ್ಕು ಕುಣಿಯುತ್ತಿದ್ದವು. ಮನುಷ್ಯರು ಕುಡಿಯುವ ನೀರಲ್ಲೆಲ್ಲ ಹುಳವಿತ್ತು, ಮೀನಿನ ನೀರಲ್ಲಿ ಇರಲಿಲ್ಲ. ಸರ್ ಮನೆಯ ಗೋಡೆಗೆ ಅವಳು ಸುಣ್ಣದಲ್ಲಿ ದೊಡ್ಡದಾಗಿ 'ಸರಿ' ಎಂದು ಬರೆದು, ಕೂತು ಎರಡು ಕಪ್ಪು ಚಹಾ ಕುಡಿದು ಹೋದಳು. ನಾನು ಕಂಡಂತೆ ಅಲ್ಲಿಯವರೆಗೆ ಆ ಮನೆಯಲ್ಲಿ ಕೂತು ಚಹಾ ಕುಡಿದ ಹೊರಗಿನವಳು ಅವಳೊಬ್ಬಳೇ.

ಹೋದ ಬೇಸಿಗೆಯಲ್ಲಿ ರಸ್ತೆ ಅಗೆಯುವವರು ಎಲ್ಲಿಯೋ ದೊಡ್ಡ ಪೈಪು ಒಡೆದರು. ಬರಬೇಕಾದ ದಿನ ನಳ ಬರಲಿಲ್ಲ. ಮರುವಾರವೂ ಬರಲಿಲ್ಲ. ಅದೇ ಹೊತ್ತಿಗೆ ಕಾಲೊನಿಯ ಬೋರಿನ ಮೋಟಾರು ಸುಟ್ಟಿತು. ಟ್ಯಾಂಕರಿನವರು ಫೋನು ಎತ್ತುವುದನ್ನು ಬಿಟ್ಟರು. ಅಂಗಡಿಯ ಕ್ಯಾನುಗಳು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಖಾಲಿ. ಅಮ್ಮಿನಬಾವಿಯಿಂದ ಹಾಲು ತರುವವನು, ಹಾಲು ಬೇಕಾದಷ್ಟದ, ನೀರು ಮಾತ್ರ ಕೇಳಬ್ಯಾಡ್ರಿ ಎಂದ. ಹಾಲಿನವನು ಹಾಗೆ ಹೇಳಿದ ಮೇಲೆ ಪರಿಸ್ಥಿತಿ ಗಂಭೀರವೆಂದು ಎಲ್ಲರಿಗೂ ಖಾತ್ರಿಯಾಯಿತು. ಹನ್ನೊಂದನೆಯ ದಿನ ನಮ್ಮ ಮನೆಯಲ್ಲಿ ಉಳಿದದ್ದು ಒಂದು ತಂಬಿಗೆ ನೀರು. ಅದನ್ನು ತಾಯಿಗೆಂದು ತೆಗೆದಿಟ್ಟಿದ್ದೆ.

ಆ ಬೆಳಿಗ್ಗೆ ಸರ್ ತಮ್ಮ ಗೇಟು ತೆರೆದು, ಜಿನೆಯ ಕೆಳಗಿನ ಡ್ರಮ್ಮುಗಳನ್ನು ಹೊರಗೆ ಎಳೆದು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದರು. ಟಾಪ್-ಅಪ್ ಡ್ರಮ್ಮಿನದು ಕುದಿಸಿ ಕುಡಿಯಲು, ಬದಲಿ ಡ್ರಮ್ಮಿನದು ಪುಡಿ ಬೆರೆತದ್ದು, ತೊಳೆಯಲು. ಮನೆಗೊಂದು ಕೊಡ. ಅರ್ಧ ತಾಸಿನಲ್ಲಿ ಕಾಲೊನಿ ಕೊಡ ಹಿಡಿದು ಬಂತು. ಮೊದಲನೆಯವರು ಅಧ್ಯಕ್ಷರು, ಕೈಯಲ್ಲಿ ಸ್ಟೀಲಿನ ಕೊಡ. ಮೂರನೆಯವನು ನಾನು.

ಡ್ರಮ್ಮಿನಿಂದ ನೀರು ಬರುತ್ತಿದ್ದದ್ದು ಬೆರಳು ಗಾತ್ರದ ನಳಿಗೆಯಲ್ಲಿ. ಒಂದು ಕೊಡ ತುಂಬಲು ಹತ್ತು ನಿಮಿಷ. ಸರ್ ಹಾಲಿನಲ್ಲಿ ಕುರ್ಚಿ ಹಾಕಿಸಿದ್ದರು.

"ಕೂಡ್ರಿ. ಕೊಡ ತುಂಬೂತನಕ ಚಹಾ ಆಗತೈತಿ," ಎಂದರು.

ಅಧ್ಯಕ್ಷರು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟು ವರ್ಷಗಳ ವಾಕ್ಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಈಗಷ್ಟೇ ಮನೆಯಲ್ಲಿ ಚಹಾ ಆಯಿತು ಎಂದು ಹೇಳುವುದು ಹೇಗೆ? ಚಹಾಕ್ಕೆ ನೀರಿದ್ದರೆ ಕೊಡ ಹಿಡಿದು ಬರುವುದೇಕೆ? ಬಾಯಿ ಹಾಗೆಯೇ ಮುಚ್ಚಿತು. ಅವರು ಕೂತರು. ಹಿಂದಿದ್ದ ವಕೀಲರು ಇಂದು ಏಕಾದಶಿ ಎಂದು ಶುರು ಮಾಡಿದರು. ಸರ್ ಗೋಡೆಯ ಪಂಚಾಂಗದ ಕಡೆ ನೋಡಿ, ಏಕಾದಶಿ ಮೊನ್ನೆಗೇ ಆಯಿತು ಎಂದು ಮಾಸ್ತರರ ದನಿಯಲ್ಲಿ ತಿದ್ದಿದರು. ವಕೀಲರೂ ಕೂತರು. ಒಳಗಿನಿಂದ ಅವರ ಹೆಂಡತಿ ಸಕ್ಕರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕೇಳಿದರು. ಅಧ್ಯಕ್ಷರು, ಸಕ್ಕರಿ ಇಲ್ಲದ್ದು ಎಂದು ಸಣ್ಣ ದನಿಯಲ್ಲಿ ಹೇಳಿದರು. ಹೀಗೆ ಒಬ್ಬರ ಹಿಂದೊಬ್ಬರು, ಬುದ್ಧನ ಎದುರು, ನೀಲಿ ಕೋಟಿನ ಎದುರು, ಆರು ಮೀನುಗಳ ಎದುರು ಕೂತು ನಮ್ಮ ಸುಶಿಕ್ಷಿತ ಕಾಲೊನಿ ಚಹಾ ಕುಡಿಯಿತು. ತಬಲಾ ಮಾಸ್ತರರೊಬ್ಬರೇ ಇನ್ನೊಂದು ಕಪ್ಪು ಕೇಳಿದರು. ಅವರಿಗೆ ಅದು ಬರೀ ಚಹಾ.

ನಾನೂ ಕುಡಿದೆ. ಶುಂಠಿ ಹಾಕಿದ ಗಟ್ಟಿ ಚಹಾ. ಹೋಗುವಾಗ ಸರ್ ಕಿವಿಯ ಹತ್ತಿರ ಬಗ್ಗಿ, ತಾಯಿಯ ಮುಂದೆ ಈ ಮಾತು ಬರುವುದು ಬೇಡ ಎಂದು ಕೇಳಿಕೊಂಡೆ. ಬರುವುದಿಲ್ಲ ಎಂದರು. ಮನೆಯಲ್ಲಿ ತಾಯಿ ಯಾವ ನೀರು ಇದು ಎಂದು ಕೇಳಿದಾಗ ಅಂಗಡಿಯ ಕ್ಯಾನು ಎಂದೆ. ರುಚಿನ ಇಲ್ಲಲ್ಲೋ ಇದಕ್ಕ ಎಂದಳು. ಮೂರು ದಿನಕ್ಕೆ ಇನ್ನೊಂದು ಕೊಡ ಒಯ್ದೆ.

ಎರಡು ಡ್ರಮ್ಮೂ ತಳ ಕಂಡವು. ಮೀನಿಗೆ ಬದಲಿ ನೀರಿಲ್ಲ. ಸರ್ ಮೀನಿನ ಆಹಾರ ನಿಲ್ಲಿಸಿದರು, ಹೊಲಸು ಕಡಿಮೆಯಾಗಲಿ ಎಂದು. ಎರಡು ಬಾಟಲಿ ನೀರು ಉಳಿಸಿಕೊಂಡು ದಿನಕ್ಕೆ ಒಂದೊಂದು ಲೋಟದಂತೆ ಆವಿಯಾದದ್ದಕ್ಕೆ ಹಾಕುತ್ತಿದ್ದರು. ಹದಿನಾರನೆಯ ದಿನ ಎರಡು ಮೀನು ಮಗ್ಗುಲಾದವು. ಹದಿನೇಳನೆಯ ದಿನ ನಳ ಬಂತು. ನಾನು ಹೋದಾಗ ಸರ್ ದಾಸವಾಳದ ಬುಡದಲ್ಲಿ ಸಣ್ಣ ಕುಣಿ ತೋಡುತ್ತಿದ್ದರು. ಅಷ್ಟು ಜನಕ್ಕೆ ಕೊಡುವ ಮೊದಲು ಮೀನಿಗೆಂದು ಒಂದಿಷ್ಟು ತೆಗೆದಿಡಬಾರದಿತ್ತೇ, ಎರಡು ದಿನ ಕಾದು ನೋಡಿ ಕೊಟ್ಟಿದ್ದರೂ ಆಗುತ್ತಿತ್ತು ಎಂದೆ. ಅವರು ಕುಣಿಗೆ ಮಣ್ಣು ಎಳೆದು ಕೈ ಒರೆಸಿಕೊಂಡರು.

"ನಮ್ಮವ್ವ ನೀರಿಗಿ ಹ್ವಾದ್ರ ಬಾವಿ ದಂಡಿಗಿ ನಿಂದರತಿದ್ಲು. ನಾವು ಸೇದೂಹಂಗಿರಲಿಲ್ಲ. ಯಾರರೆ ಮ್ಯಾಲಿನವರು ಬಂದು ಸೇದಿ ಹಾಕಬೇಕು. ಒಮ್ಮೊಮ್ಮಿ ಮಧ್ಯಾಹ್ನ ಆಗತಿತ್ತು. ನಾ ಸೀರಿ ಸೆರಗು ಹಿಡದು ಬಾಜೂಕ ಇರತಿದ್ದೆ. ಹಾಕಿದವರಿಗೆಲ್ಲಾ ಆಕಿ ಕೈ ಮುಗದಾಳರಿ. ಖರೇ ಅಂದ್ರ ಅಷ್ಟ ಹೊತ್ತು ನಿಂದರಿಸಿದ್ದು ನನಗ ಮರತಿಲ್ಲ. ಕೊಡೂದಿದ್ರ ಲಗೂ ಕೊಡಬೇಕು," ಎಂದರು.

ಚಹಾದ ಬಗ್ಗೆಯೂ ಕೇಳಿದೆ. ಬೇಕೆಂದೇ ಕೂಡಿಸಿದಿರಾ ಎಂದೆ. ಅವರು ನನ್ನ ಮುಖ ನೋಡಿ, ಮನಿಗಿ ಬಂದವರಿಗಿ ಕೂಡ್ರಿ ಅನ್ನೂದು ನಮ್ಮಲ್ಲಿ ಮೊದಲಿಂದ ಐತ್ರಿ, ಕೂಡೂದು ಬಂದವರಿಗಿ ಬಿಟ್ಟದ್ದು ಎಂದರು. ಬೇಕೆಂದೇ ಮಾಡಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ನಳ ಬಂದ ಮರುದಿನ ಟ್ಯಾಂಕರೂ ಬಂತು. ವಾರ್ಡಿನ ಸದಸ್ಯರು ಕಳಿಸಿದ್ದು, ಒಂದು ದಿನ ತಡವಾಗಿತ್ತು ಅಷ್ಟೇ. ಸಂಘದವರು ಸಭೆ ಕರೆದು ಅವರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಫೇಡೆ ಹಂಚಿದರು. ಸಂಕಟದ ಕಾಲದಲ್ಲಿ ಕಾಲೊನಿಯ ದಾಹ ತಣಿಸಿದ ಭಗೀರಥ ಎಂದು ಅಧ್ಯಕ್ಷರು ಬಣ್ಣಿಸಿದರು. ಸರ್ ಹಿಂದಿನ ಸಾಲಿನಲ್ಲಿ ಕೂತು ಫೇಡೆ ತಿಂದರು. ಒಂದು ತಿಂಗಳು ನಾಲ್ಕಾರು ಜನ ಅವರ ಮನೆಗೆ ಹೋಗಿ ಕೂತು ಬಂದದ್ದುಂಟು. ಬೋರಿನ ಮೋಟಾರು ರಿಪೇರಿಯಾಗಿ ಬಂದ ಮೇಲೆ ಎಲ್ಲರ ಮನೆಯಲ್ಲೂ ಮತ್ತೆ ಈಗಷ್ಟೇ ಚಹಾ ಆಗತೊಡಗಿತು. ನನ್ನ ತಾಯಿಯ ಮಡಿಯೂ ಮೊದಲಿನಂತೆ ನಡೆಯಿತು.

ಸರ್ ನಿದ್ದೆಯಲ್ಲೇ ಹೋದರು. ಸತ್ತವರ ಮನೆಯಲ್ಲಿ ಏನೂ ಮುಟ್ಟಬಾರದು ಎಂಬ ಶಾಸ್ತ್ರ ಆ ದಿನ ಕಾಲೊನಿಗೆ ಬಹಳ ಅನುಕೂಲವಾಯಿತು.

ಮೊನ್ನೆ ರವಿವಾರ ಅವರ ಹೆಂಡತಿ ಮನೆಗೆ ಬೀಗ ಹಾಕಿ ಕಲಬುರ್ಗಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಉಳಿದ ನಾಲ್ಕು ಮೀನುಗಳನ್ನು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಸಾಕುಮೀನಿನ ಅಂಗಡಿಯವನು ಒಯ್ದಿದ್ದ. ಡ್ರಮ್ಮುಗಳನ್ನು ಆರೋಗ್ಯ ಇಲಾಖೆಯ ಆ ಹೆಣ್ಣುಮಗಳಿಗೆ ಕೊಟ್ಟಿದ್ದರು. ಆಟೋ ನಿಲ್ಲಿಸಿ, ನಮ್ಮ ಗೇಟಿನ ಹೊರಗೆ ನಿಂತು, ಅಮ್ಮಾರಿಗೆ ಒಂದು ಮಾತು ಹೇಳಿ ಹೋಗೋಣ ಎಂದು ಬಂದೆ ಎಂದರು. ತಾಯಿ ಕೋಲೂರಿಕೊಂಡು ವರಾಂಡಕ್ಕೆ ಬಂದಳು. ಅವಳಿಗೀಗ ಎಂಬತ್ತೇಳು. ಒಳಗೆ ಬರ್ರಿ ಎಂದಳು.

"ಇಲ್ಲೇ ಛಲೋ ಐತ್ರಿ ಅಮ್ಮಾ. ನಿಮ್ಮದು ಮಡಿ ಅಂತ ನಮ್ಮವರು ಹೇಳಿದ್ರು. ಒಂಬತ್ತು ವರ್ಷ ತ್ರಾಸ ಕೊಟ್ಟಿಲ್ಲ, ಹೋಗೂಮುಂದ ಯಾಕ ಅಂತ," ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಾಯಿ ತಿರುಗಿ ನನ್ನನ್ನು ನೋಡಿದಳು. ಡಾಕ್ಟರು ಇಳಿಯಬಾರದೆಂದು ಹೇಳಿದ್ದ ಮೂರು ಮೆಟ್ಟಿಲು ಇಳಿದು, ಗೇಟು ತೆಗೆದು, ಅವರ ಕೈ ಹಿಡಿದು ಒಳಗೆ ಕರೆತಂದು ಹಾಲಿನ ಕುರ್ಚಿಯಲ್ಲಿ ಕೂಡಿಸಿದಳು. ನನಗೆ ಚಹಾ ಮಾಡಲು ಹೇಳಿದಳು. ಮಾಡಿ ತಂದೆ. ಇಬ್ಬರೂ ಕುಡಿದರು. ಸರ್ ಹೋದದ್ದು ಹೇಗೆ, ಸಂಕಟವಾಯಿತೇ, ಮಗಳ ಮನೆಯಲ್ಲಿ ಮಹಡಿ ಹತ್ತಬೇಕೇ ಎಂದೆಲ್ಲ ತಾಯಿ ಕೇಳಿದಳು. ಹೋದ ಬೇಸಿಗೆಯ ನೀರಿನ ಮಾತೂ ಬಂತು. ಎರಡು ಕೊಡ ಒಯ್ದಾರ್ರಿ ನಿಮ್ಮ ಮಗ, ನಮ್ಮವರಿಗಿ ಭಾಳ ಸಮಾಧಾನ ಆಗಿತ್ತು, ಹಿರಿಯಾರಿಗಿ ಮುಟ್ಟಿತಲ್ಲಾ ಅಂತ ಎಂದರು ಅವರು. ತಾಯಿ ಹೌದು, ಮುಟ್ಟಿತು ಎಂದಳು.

ಆಟೋ ಹೋದ ಮೇಲೆ ತಾಯಿ ಅವರು ಕೂತಿದ್ದ ಕುರ್ಚಿಯಲ್ಲೇ ಬಂದು ಕೂತಳು.

"ಮಡಿ ನನ್ನ ಅಡಿಗಿ ಮನಿ ಮಾತು. ಅದನ್ನ ತಂದು ಗೇಟಿಗೆ ಕಟ್ಟಿದಾಂವ ನೀನು," ಎಂದಳು. ಆಮೇಲೆ, "ನಾ ಇರೂತನಕ ನನ್ನ ಹೆಸರು ಹೇಳಿದಿ. ನಾ ಹೋದ ಮ್ಯಾಲ ಯಾರ ಹೆಸರು ಹೇಳತಿ?" ಎಂದು ಕೇಳಿದಳು.

ನಾನು ಎರಡೂ ಕಪ್ಪು ಎತ್ತಿಕೊಂಡು ಒಳಗೆ ಹೋದೆ.